ಹೆಳವಜ್ಜ ಅಳಿಸದ ಹೆಸರು

ಕಳೆದ ತಿಂಗಳು ಜೋಳದ ಚೀಲ ಬಿಚ್ಚಿದಾಗ ಒಣಗಿದ ಬೇವಿನ ಸೊಪ್ಪಿನ ಕಹಿ ವಾಸನೆ ಮೂಗಿಗೆ ಬಡಿಯಿತು. ಹುಳ ಬೀಳದಿರಲೆಂದು ನಾನೇ ಹಾಕಿಟ್ಟಿದ್ದೆ. ಪ್ರತಿ ವರ್ಷವೂ ಹಾಕುತ್ತೇನೆ, ಪ್ರತಿ ವರ್ಷವೂ ಆ ವಾಸನೆಗೆ ನಮ್ಮ ಹೆಳವಜ್ಜ ನೆನಪಾಗುತ್ತಾನೆ. ಅವನು ತನ್ನ ಹೊತ್ತಿಗೆಗಳನ್ನು ಕೆಂಪು ಅರಿವೆಯಲ್ಲಿ ಸುತ್ತಿ, ನಡುನಡುವೆ ಬೇವಿನ ಸೊಪ್ಪು ಇಡುತ್ತಿದ್ದ. ಗಂಟು ಬಿಚ್ಚಿದರೆ ನಮ್ಮ ಪಡಸಾಲೆಯೆಲ್ಲ ಇದೇ ವಾಸನೆ… ಈ ಸಲ ಮಾತ್ರ ಚೀಲದ ಬಾಯಿ ಹಿಡಿದುಕೊಂಡು ಅಲ್ಲಿಯೇ ಕುಳಿತುಬಿಟ್ಟೆ. ಅವನ ಬಗ್ಗೆ ಬರೆಯಬೇಕು ಅನ್ನಿಸಿತು. ನಾನು ಓದಿದ್ದು ಐದನೆಯ ಇಯತ್ತೆ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಬೇಕು.

ಹೆಳವರು ಅಂದರೆ ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡು ಊರೂರು ತಿರುಗುವವರು. ನಮ್ಮ ತವರು ಕಳಸಾಪುರ. ಮೂರು ನಾಲ್ಕು ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಅಜ್ಜ ಎತ್ತಿನ ಮೇಲೆ ಕುಳಿತು ನಮ್ಮ ಬಾಗಿಲಿಗೆ ಬರುತ್ತಿದ್ದ. ಓದಿ ಮುಗಿಸುವವರೆಗೆ ಎತ್ತಿನಿಂದ ಇಳಿಯುತ್ತಿರಲಿಲ್ಲ, ಅದು ಅವರ ಹಿರಿಯರ ಪದ್ಧತಿ. ನಮ್ಮ ಹಿರಿಯ ಯಾವ ಊರಿನಿಂದ ಬಂದ, ಯಾರಿಗೆ ಎಷ್ಟು ಮಕ್ಕಳು, ಯಾವ ಮಗಳನ್ನು ಯಾವ ಊರಿಗೆ ಕೊಟ್ಟರು, ಎಲ್ಲವನ್ನೂ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಹೇಳುತ್ತಿದ್ದ. ಅದಕ್ಕೇ ನಾವು ಓದುವುದು ಅನ್ನುತ್ತಿದ್ದೆವು. ಆಮೇಲೆ ಇಳಿದು ಬಂದು ಹೊತ್ತಿಗೆ ತೆಗೆದು, ಹೊಸದಾಗಿ ಹುಟ್ಟಿದವರನ್ನು ಬರೆದುಕೊಳ್ಳುತ್ತಿದ್ದ. ನಮ್ಮಪ್ಪ ಅವನಿಗೆ ಜೋಳ ಕೊಡುತ್ತಿದ್ದ, ಒಂದು ಹಳೆಯ ಧೋತರವನ್ನೂ ಕೊಡುತ್ತಿದ್ದ. ಕೊಡಲು ತಡಮಾಡಿದರೆ ಅಜ್ಜ, "ನಿಮ್ಮ ಮುತ್ಯಾ ಎತ್ತು ಮಾರಿ ಹುಂಜ ಹಿಡಕೊಂಡು ಬಂದಿದ್ದ, ಅದನ್ನೂ ಓದ್ಲೇನು?" ಎಂದು ಕೆಣಕುತ್ತಿದ್ದ. ಅಪ್ಪ ನಗುತ್ತ ಒಳಗೆ ಹೋಗುತ್ತಿದ್ದ.

ನಾವು ಇಬ್ಬರೇ ಹೆಣ್ಣುಮಕ್ಕಳು. ನನಗಿಂತ ಐದು ವರ್ಷ ದೊಡ್ಡವಳಾದ ಅಕ್ಕ ಬೆಟಗೇರಿಯ ಒಂದು ಮಗ್ಗದ ಮನೆಗೆ ನೂಲು ಸುತ್ತಲು ಹೋಗುತ್ತಿದ್ದಳು. ಅಲ್ಲಿ ನೇಯುತ್ತಿದ್ದ ಬೇರೆ ಜಾತಿಯವನನ್ನು ಮದುವೆಯಾಗಿ ಲಕ್ಷ್ಮೇಶ್ವರಕ್ಕೆ ಹೋದಳು. ಅಂದಿನಿಂದ ಮನೆಯಲ್ಲಿ ಅವಳ ಹೆಸರು ಎತ್ತಬಾರದು ಎಂದು ಅಪ್ಪ ಹೇಳಿದ. ಎರಡು ವರ್ಷ ಕಳೆದ ಮೇಲೆ ಅಂತೂರ ಬೆಂತೂರಿನಿಂದ ನನ್ನನ್ನು ನೋಡಲು ಬರುವುದಾಗಿ ಹೇಳಿ ಕಳಿಸಿದರು. ಅವರಿಗೆ ಅಕ್ಕನ ವಿಷಯ ಗೊತ್ತಿರಲಿಲ್ಲ. ಅದೇ ವಾರ ಹೆಳವಜ್ಜ ಬಂದು ಕೆರೆಯ ದಂಡೆಯಲ್ಲಿ ಡೇರೆ ಹಾಕಿದ. ಬೀಗರ ಎದುರಿಗೇ ಮನೆತನ ಓದಿಸಿದರೆ ಮರ್ಯಾದೆ ಎಂದು ಅಪ್ಪ ಅಂದೇ ಬರಲು ಹೇಳಿದ.

ಅವ್ವ ಅಪ್ಪನಿಗೆ ತಿಳಿಯದಂತೆ ಅಜ್ಜನನ್ನು ಕಂಡು ಬಂದಿದ್ದಳು. ಬೀಸುವಾಗ ನನಗೆ ಮೆಲ್ಲಗೆ ಹೇಳಿದಳು: "ಹಿರೇಕಿ ಹೆಸರೂ ಓದು ಅಂತ ಹೇಳೇನಿ. ಮನ್ಯಾಗಂತೂ ಇಲ್ಲ, ಓದೂದ್ರಾಗರ ಇರ್ಲಿ ಅಕಿ." ಆ ಹೆಸರು ಓದಿದರೆ ಯಾವ ಊರಿಗೆ ಕೊಟ್ಟರು, ಯಾರಿಗೆ ಕೊಟ್ಟರು ಎಂದು ಬೀಗರು ಕೇಳಿಯೇ ಕೇಳುತ್ತಾರೆ. ಕೇಳಿದರೆ ನನ್ನ ಲಗ್ನ ಮುರಿಯುತ್ತದೆ.

ಮರುದಿನ ಬೆಳಿಗ್ಗೆ ಒಂದು ತಂಬಿಗೆ ಮಜ್ಜಿಗೆ ತೆಗೆದುಕೊಂಡು ಡೇರೆಗೆ ಹೋದೆ.

"ಅಜ್ಜಾರ, ಅಕ್ಕನ ಹೆಸರು ಓದಬ್ಯಾಡ್ರಿ. ಹೊತ್ತಿಗ್ಯಾಗಿಂದಾನೂ ತಗದು ಬಿಡ್ರಿ. ಅಕಿ ಸತ್ಲು ಅಂತ ತಿಳ್ಕೋರ್ರಿ" ಎಂದೆ. ಇದನ್ನು ನಾನು ಹೇಳಿದ್ದು ಖರೆ. ಯಾರೂ ನನ್ನ ಬಾಯಿಂದ ಹೇಳಿಸಲಿಲ್ಲ.

ಅಜ್ಜ ಮಜ್ಜಿಗೆಯನ್ನು ಪೂರ್ತಿ ಕುಡಿದು ಮೀಸೆ ಒರೆಸಿಕೊಂಡ. "ನಿಮ್ಮವ್ವ ಓದು ಅಂತಾಳ, ನೀ ಬ್ಯಾಡ ಅಂತಿ, ನಿಮ್ಮಪ್ಪ ಏನೂ ಅನ್ನೂದಿಲ್ಲ. ನಿಮ್ಮ ಮನಿಗೆ ಹೆಳವ ಆಗೂದು ಭಾಳ ತ್ರಾಸ ಐತವಾ" ಎಂದು ನಕ್ಕ. ನಾನು ಅಳತೊಡಗಿದೆ. ಅವನ ನಗೆ ನಿಂತಿತು. "ಆತು, ಓದೂದಿಲ್ಲ. ಮಜ್ಜಿಗಿ ಚಲೋ ಇತ್ತು. ಮನಿಗೆ ಹೋಗು" ಎಂದ. ಹೊತ್ತಿಗೆಯ ಮಾತನ್ನು ಅವನು ಆಡಲೇ ಇಲ್ಲ. ನಾನದನ್ನು ಗಮನಿಸಲಿಲ್ಲ.

ಬೀಗರು ಬಂದ ದಿನ ಅಜ್ಜ ಓದಿದ. ಅಪ್ಪನ ಹೆಸರಿಗೆ ಬಂದು, "ಇವರಿಗೆ ಮಗಳು" ಎಂದು ನನ್ನ ಹೆಸರು ಹೇಳಿ ಮುಗಿಸಿದ. ಅವ್ವ ಮೊರದಲ್ಲಿ ಜೋಳ ಹಿಡಿದುಕೊಂಡು ನಿಂತಿದ್ದಳು. ಮೊರದಿಂದ ನಾಲ್ಕು ಕಾಳು ಕೆಳಗೆ ಬಿದ್ದವು. ಅಜ್ಜ ಅವಳ ಕಡೆ ನೋಡಲಿಲ್ಲ. ನನ್ನ ಲಗ್ನ ಗಟ್ಟಿಯಾಯಿತು. ಬಹಳ ದಿನಗಳ ಮೇಲೆ ಅವ್ವ ಒಮ್ಮೆ, "ಹೆಳವನೂ ಅಕಿನ್ನ ಮರತ ನೋಡು" ಎಂದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಬಡಿಯುತ್ತಲೇ ಇದ್ದೆ… ಅವ್ವ ಹಾಗೆಂದುಕೊಂಡೇ ತೀರಿಹೋದಳೆಂದು ತಿಳಿದಿದ್ದೇನೆ.

ಇದಾಗಿ ಮೂವತ್ತು ವರ್ಷಗಳ ಮೇಲಾಯಿತು. ಲಕ್ಷ್ಮೇಶ್ವರ ದೂರದ ಊರೇನಲ್ಲ. ಆದರೂ ಒಂದು ದಿನವೂ ಆ ಬಸ್ಸು ಹತ್ತಲಿಲ್ಲ.

ಈಗ ಎರಡು ವರ್ಷದ ಹಿಂದೆ ನನ್ನ ಮಗ ನನ್ನನ್ನು ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯವರು ತಮ್ಮ ತಮ್ಮ ಮನೆತನದ ಮೂಲ ಹುಡುಕುವ ಗುಂಪು. ಹೊಲದ ಹಳೆಯ ಉತಾರ, ಲಗ್ನಪತ್ರಿಕೆ, ಹೆಸರು ಕೊರೆಸಿದ ತಾಮ್ರದ ಕೊಡ, ಏನೇನೋ ಫೋಟೋ ಹಾಕುತ್ತಾರೆ. ಶಿರಹಟ್ಟಿಯ ಮೋಡಕಾ ಅಂಗಡಿಯ ಗುಜರಿ ಸಾಮಾನಿನಲ್ಲಿ ಸಿಕ್ಕ ಒಂದು ಕೊಡ ಹೀಗೇ ತನ್ನ ಮನೆ ಸೇರಿತು. ಗುಂಪು ನಡೆಸುವವರು ಮುಂಡರಗಿಯ ಒಬ್ಬ ನಿವೃತ್ತ ತಲಾಠಿ, ಅಂದರೆ ಗ್ರಾಮಲೆಕ್ಕಿಗರು. "ಗುಡ್ ಮಾರ್ನಿಂಗ್ ಹೂವು ಹಾಕಿದವರನ್ನ ಹೊರಗ ಹಾಕ್ತೀನಿ. ಹೂವು ಬ್ಯಾಡ, ಬೇರು ಹಾಕ್ರಿ" ಎಂದು ಗದರಿಸುತ್ತಾರೆ. ನನಗೆ ಟೈಪ್ ಮಾಡಲು ಬಾರದು. ಹೆಳವಜ್ಜನಿಂದ ಕೇಳಿ ಕೇಳಿ ಬಾಯಿಪಾಠವಾಗಿದ್ದ ನಮ್ಮ ಮನೆತನವನ್ನು ಮಾತಿನಲ್ಲೇ ಹೇಳಿ ಕಳಿಸಿದೆ. ಎಲ್ಲರೂ ಮೆಚ್ಚಿಕೊಂಡರು. ಕೊನೆಗೆ ನಾನು ಹೇಳಿದ್ದು: "ನಮ್ಮಪ್ಪಗ ನಾ ಒಬ್ಬಾಕಿನ ಮಗಳು." ಈ ಸಲ ಲಗ್ನದ ಹೆದರಿಕೆಯೂ ಇರಲಿಲ್ಲ. ರೂಢಿಯಾಗಿತ್ತು.

ಕೆಲವು ತಿಂಗಳ ಮೇಲೆ ಲಕ್ಷ್ಮೇಶ್ವರದಿಂದ ಒಬ್ಬ ಹೆಣ್ಣುಮಗಳ ಧ್ವನಿ ಬಂತು. "ನಮ್ಮವ್ವನ ತವರಮನಿ ಕಳಸಾಪುರ. ಅವ್ವ ಹೋದ ವರ್ಷ ತೀರಿಕೊಂಡ್ಲು. ತವರಿನ ಮಾತು ತಗದ್ರ ಎದ್ದು ಒಲಿ ಕಡೆ ಹೋಗ್ತಿದ್ಲು, ಹಿಂಗಾಗಿ ನಂಗ ಅಕಿ ಅವ್ವ ಅಪ್ಪನ ಹೆಸರೂ ಗೊತ್ತಿಲ್ಲ. ಆ ಊರಿನ ಹೆಳವರ ಹೊತ್ತಿಗಿ ಯಾರ ಕಡೆ ಐತ್ರಿ?" ಎಂದು ಕೇಳಿ, ತನ್ನ ಅವ್ವನ ಹೆಸರು ಹೇಳಿದಳು. ಅಕ್ಕ ಸತ್ತದ್ದು ನನಗೆ ಗೊತ್ತಾದದ್ದು ಹೀಗೆ. ನಾನು ಫೋನನ್ನು ಹಿಟ್ಟಿನ ಡಬ್ಬಿಯ ಮೇಲೆ ಬೋರಲು ಹಾಕಿದೆ. ಆ ಧ್ವನಿ ಥೇಟ್ ಅಕ್ಕನದೇ ಆಗಿತ್ತು.

ಮರುದಿನ ಹೆಳವಜ್ಜನ ಮೊಮ್ಮಗ ಒಂದು ಹಾಳೆಯ ಫೋಟೋ ಹಾಕಿದ. ಅವನು ಶಿರಹಟ್ಟಿಯಲ್ಲಿ ಟೆಂಪೋ ಓಡಿಸುತ್ತಾನೆ, ಅಜ್ಜನ ಹೊತ್ತಿಗೆಗಳು ಅವನ ಹತ್ತಿರ ಇವೆ. ನಾನು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಅಪ್ಪನ ಹೆಸರಿನ ಕೆಳಗೆ ಅಕ್ಕನ ಹೆಸರು. ಗಂಡನ ಹೆಸರು, ಲಕ್ಷ್ಮೇಶ್ವರ, ಒಬ್ಬಳು ಮಗಳು. ಪಕ್ಕದಲ್ಲಿ ನನ್ನ ಹೆಸರು, ಅಂತೂರ ಬೆಂತೂರ, ಒಬ್ಬ ಮಗ. ಅಜ್ಜ ಅಳಿಸಿರಲಿಲ್ಲ. ಅಳಿಸದಿದ್ದುದಷ್ಟೇ ಅಲ್ಲ, ಅವಳ ಮನೆಗೂ ಹೋಗಿ ಬರೆದುಕೊಂಡು ಬಂದಿದ್ದ. "ಓದೂದು ಬಿಟ್ರೂ ನಡೀತೈತಿ, ಬರದದ್ದು ಅಳಸೂ ಹಂಗಿಲ್ಲ ಅಂತಿದ್ದ ನಮ್ಮಜ್ಜ" ಎಂದ ಮೊಮ್ಮಗ.

ತಲಾಠಿಯವರು ಎಲ್ಲರ ಎದುರಿಗೆ ಕೇಳಿದರು: "ಅಂತೂರ ಬೆಂತೂರಿನ ಅಕ್ಕಾರ, ಈ ಹಾಳಿ ನಿಮ್ಮ ಮನೀದ ಅಲ್ಲೇನ್ರಿ? ನೀವು ಒಬ್ಬಾಕಿನ ಅಂದಿದ್ರಿ?"

"ಮರತಿದ್ದೆ ಅಂತ ಹೇಳಬೇ, ಮುಗೀತು" ಎಂದ ನನ್ನ ಮಗ.

ಹಾಗೆ ಹೇಳಿದ್ದರೆ ಎಲ್ಲರೂ ನಂಬುತ್ತಿದ್ದರು. ಆದರೆ ಆ ಹಾಳೆಯಲ್ಲಿ ನಮ್ಮಿಬ್ಬರ ಹೆಸರೂ ಪಕ್ಕಪಕ್ಕದಲ್ಲಿ, ಒಂದೇ ಕೈಯ ಅಕ್ಷರದಲ್ಲಿ ಇದ್ದವು. ಅದನ್ನು ನೋಡುತ್ತ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಡೇರೆಗೆ ಹೋದದ್ದು, ಕೇಳಿಕೊಂಡದ್ದು, ಅವ್ವನಿಗೆ ಹೇಳದೇ ಉಳಿದದ್ದು, ಎಲ್ಲವನ್ನೂ ಗುಂಪಿನಲ್ಲಿಯೇ ಹೇಳಿದೆ. ಅಕ್ಕನ ಹೆಸರನ್ನೂ ಹೇಳಿದೆ. ಯಾರೂ ಬೈಯಲಿಲ್ಲ.

ಮೂರನೆಯ ದಿನ ಅಕ್ಕನ ಮಗಳು ಫೋನ್ ಮಾಡಿದಳು. ಅವಳು ಸಣ್ಣವಳಿದ್ದಾಗ ಹೆಳವಜ್ಜ ಅವರ ಮನೆಗೆ ಬರುತ್ತಿದ್ದನಂತೆ. ಎತ್ತಿನ ಮೇಲೆ ಕುಳಿತು ಕಳಸಾಪುರದ ಮನೆತನವನ್ನು ಅಕ್ಕನೊಬ್ಬಳಿಗಾಗಿ ಓದುತ್ತಿದ್ದನಂತೆ. ಆ ಹೆಸರುಗಳು ಅವಳಿಗೆ ನೆನಪಿಲ್ಲ, ರಾಗ ಮಾತ್ರ ನೆನಪಿದೆ. ನನ್ನ ಲಗ್ನವಾದ ಖಬರನ್ನು ಅಕ್ಕನಿಗೆ ಮುಟ್ಟಿಸಿದವನೂ ಅವನೇ.

"ಅವತ್ತ ಅವ್ವ ಓಣಿಗೆಲ್ಲಾ ಸಕ್ಕರಿ ಹಂಚಿದ್ಲಂತ. ನೀವು ಹೆಸರು ತಗಸಾಕ ಹೋಗಿದ್ದು ಅಕಿಗೆ ಗೊತ್ತಿದ್ದಿಲ್ಲ. ಅಜ್ಜ ಹೇಳಿಲ್ಲ" ಎಂದಳು.

ಹೆಳವಜ್ಜ ನನಗೆ ನನ್ನ ಲಗ್ನ ಉಳಿಸಿ ಕೊಟ್ಟ. ಅಕ್ಕನಿಗೆ ಅವಳ ತವರು ಉಳಿಸಿ ಕೊಟ್ಟ. ನನ್ನ ಕೆಟ್ಟತನವನ್ನು ಯಾರಿಗೂ ಹೇಳದೆ ಇಟ್ಟುಕೊಂಡ. ನಾನು ಕೊಟ್ಟದ್ದು ಒಂದು ತಂಬಿಗೆ ಮಜ್ಜಿಗೆ. ಅಕ್ಕನ ಹೆಸರು ಹೊತ್ತಿಗೆಯಲ್ಲಿ ಇದ್ದೇ ಇದೆ ಎಂದು ಅವ್ವನ ಕಿವಿಯಲ್ಲಾದರೂ ಗುಟ್ಟಾಗಿ ಒಂದು ಮಾತು ಹೇಳಿದ್ದನೋ ಏನೋ… ಹೇಳಿರಲಿ ಎಂದು ಬೇಡಿಕೊಳ್ಳುತ್ತೇನೆ. ಅವನು ತೀರಿಕೊಂಡು ಎಷ್ಟೋ ವರ್ಷಗಳಾದವು. ಕಾಲು ಹಿಡಿಯೋಣವೆಂದರೆ ಕಾಲಿಲ್ಲ.

ಕೊನೆಗೂ ಧೈರ್ಯ ಮಾಡಿ ಮೊನ್ನೆ ಸೋಮವಾರ ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಅಕ್ಕನ ಮಗಳು ಇನ್ನೂ ನನ್ನನ್ನು ಚಿಗವ್ವ ಅನ್ನುವುದಿಲ್ಲ. ಅನ್ನು ಎಂದು ಕೇಳುವ ಮುಖ ನನಗಿಲ್ಲ. ಚಹಾ ಕೊಟ್ಟು ಎದುರಿಗೆ ಕುಳಿತಳು. "ಹೊತ್ತಿಗ್ಯಾಗ ಹೆಸರು ಐತ್ರಿ, ಊರು ಐತಿ. ಸಣ್ಣಾಕಿದ್ದಾಗ ಅವ್ವ ಹೆಂಗಿದ್ಲು ಅನ್ನೂದಿಲ್ಲ. ಅದನ್ನ ನೀವ ಹೇಳಬೇಕು" ಎಂದಳು.

ಹೇಳಿದೆ. ಒಮ್ಮೆ ಸೋದರತ್ತೆಯ ಊರಾದ, ಶಿರಹಟ್ಟಿ ಕಡೆಯ ಮಾಗಡಿಗೆ ಹೋದಾಗ, ಕೆರೆಗೆ ಬಂದ ಹಕ್ಕಿಗಳನ್ನು ನೋಡಲು ಓಡಿ ನಾನು ಕೆಸರಿನಲ್ಲಿ ಹೊಸ ಚಪ್ಪಲಿ ಕಳೆದುಕೊಂಡೆ. ಅಕ್ಕ ತನ್ನ ಚಪ್ಪಲಿಯನ್ನು ನನ್ನ ಕಾಲಿಗೆ ಹಾಕಿ, ತಾನು ಬರಿಗಾಲಲ್ಲಿ ಬಂದು, ಕಳೆದದ್ದು ತನ್ನದೇ ಎಂದು ಅಪ್ಪನಿಗೆ ಹೇಳಿದಳು.

"ಹೊಡದ್ರೇನ್ರಿ?"

"ಹೂಂ, ಎರಡು ಏಟು."

"ನೀವು?"

"ನಾ ಸುಮ್ನ ನಿಂತಿದ್ದೆ."

ಅವಳು ಖಾಲಿ ಬಟ್ಟಲುಗಳನ್ನು ಬದಿಗೆ ಸರಿಸಿದಳು. ಆಮೇಲೆ, "ಇನ್ನೊಂದು ಹೇಳ್ರಿ" ಎಂದಳು.

ಸಂಜೆಯ ಬಸ್ಸಿನವರೆಗೂ ಹೇಳುತ್ತ ಕುಳಿತೆ. ಅಕ್ಕ ಇದ್ದಿದ್ದರೆ ನಡುನಡುವೆ, "ಅದು ಹಂಗಲ್ಲಲೇ" ಎಂದು ತಿದ್ದುತ್ತಿದ್ದಳು. ತಿದ್ದುವವರು ಯಾರೂ ಇರಲಿಲ್ಲ.