ಕೆಂಪು ರೆಕ್ಕೆಯ ಸಿಂಹ

ಭದ್ರಾವತಿಗೆ ಸರ್ಕಸ್ ಬರುತ್ತದೆ ಎಂದು ಊರಿಗೆಲ್ಲ ಸಾರಿದವನು ನಾನು. ಸರ್ಕಸ್ ಬರಲಿಲ್ಲ. ಬರುವ ಸಂಭವವೂ ಇರಲಿಲ್ಲ.

ಅದು ನಲವತ್ತೆರಡನೆಯ ಇಸವಿ. ಹೊಳಲೂರಿನಿಂದ ಬಂದು ಗಣಪಯ್ಯನವರ ಎರಕದ ಶೆಡ್ಡಿನಲ್ಲಿ ಹಾಜರಿ ಬರೆಯುವ ಗುಮಾಸ್ತನಾಗಿ ನನಗೆ ಆರು ತಿಂಗಳಾಗಿತ್ತು. ಇಂಗ್ಲಿಷ್ ನಾಲ್ಕನೇ ಫಾರಂ ಪಾಸಾದವನು ಅಲ್ಲಿ ನಾನೊಬ್ಬನೇ ಆದ್ದರಿಂದ ಲೋಕದ ಸಂಗತಿಗಳನ್ನೆಲ್ಲ ವಿವರಿಸುವ ಹೊಣೆ ನನ್ನದೆಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಒಂದು ಬೆಳಿಗ್ಗೆ ಹಿತ್ತಲಿನ ತಂತಿಯ ಮೇಲೆ ಮಂಚದಗಲದ ಬಟ್ಟೆ ಒಣಗುತ್ತಿತ್ತು. ಅದರ ತುಂಬ ಪ್ರಾಣಿಗಳು. ರೆಕ್ಕೆಯಿದ್ದ ಸಿಂಹ, ಬಾಯಲ್ಲಿ ಮೂರು ಪಕ್ಕೆಲುಬು ಕಚ್ಚಿಕೊಂಡ ಕರಡಿ, ನಾಲ್ಕು ತಲೆಯ ಚಿರತೆ, ಮತ್ತೆ ಯಾವ ಜಾತಿಗೂ ಸೇರದ ಹತ್ತು ಕೊಂಬಿನ ಇನ್ನೊಂದು. ಸರ್ಕಸ್ಸಿನವರು ಸ್ವಲ್ಪ ಉತ್ಪ್ರೇಕ್ಷೆ ಮಾಡುವುದು ವಾಡಿಕೆಯೆಂದು ನನಗೆ ಗೊತ್ತಿತ್ತು. ನಾಲ್ಕಾರು ಜನರಿಗೆ ಸುದ್ದಿ ಮುಟ್ಟಿಸಿಯೇ ನಾನು ಚಿತ್ರ ಬರೆದವರ ಬಳಿ ಹೋದದ್ದು.

"ಮೇಸ್ತ್ರೀ, ಟಿಕೆಟ್ ಎಷ್ಟಾಣೆ?"

"ಯಾವುದಕ್ಕೆ?"

"ಈ ನಾಲ್ಕು ತಲೆ ಚಿರತೆ ನೋಡೋಕೆ."

ಅವರು ಕುಂಚ ಕೆಳಗಿಟ್ಟು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಇದನ್ನ ನೋಡೋಕೆ ಟಿಕೆಟ್ ಬೇಡ ಗುಮಾಸ್ತರೇ. ಭೂಮಿ ಮೇಲೆ ಹುಟ್ಟಿದ್ರೆ ಸಾಕು."

ಅವರು ಸಮಾಧಾನಪ್ಪ. ಶಿವಮೊಗ್ಗದ ಕ್ರೈಸ್ತರು, ಐವತ್ತೈದರ ಸುಮಾರು. ಎರಕ ಹೊಯ್ಯುವ ಮೊದಲು ಮರದಲ್ಲಿ ಮಾದರಿ ಮಾಡುವುದು ಅವರ ಕೆಲಸ. ಕಬ್ಬಿಣ ಆರಿದಾಗ ಕುಗ್ಗುತ್ತದೆಂದು ಅವರ ಅಳತೆಕೋಲಿನ ಅಡಿ ಊರಿನವರ ಅಡಿಗಿಂತ ಕೂದಲೆಳೆ ಉದ್ದ. ಆ ಕೋಲನ್ನು ಅವರು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಇಪ್ಪತ್ತೊಂದು ವರ್ಷದಿಂದ ಅದೇ ಶೆಡ್ಡು. ಧಣಿಗಳು ಕೆಲಸದ ಜೊತೆಗೆ ಕೊಟ್ಟಿದ್ದ ಎರಡು ಕೋಣೆಯ ಮನೆ. ಮನೆಯಲ್ಲಿ ಹಾಸಿಗೆ ಹಿಡಿದ ಹೆಂಡತಿ ದಯಾಮಣಿ. ಭಾನುವಾರ ಮಾತ್ರ ರೈಲು ಹತ್ತಿ ಶಿವಮೊಗ್ಗದ ಪ್ರಾರ್ಥನಾಮಂದಿರಕ್ಕೆ ಹೋಗಿ ಅಲ್ಲಿನ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಪಟ ಬರೆದದ್ದು ಅದಕ್ಕಾಗಿ.

ಅವರ ಧರ್ಮಗ್ರಂಥದಲ್ಲಿ, ಬಾಬೆಲೆಂಬ ಹಳೆಯ ರಾಜ್ಯದ ಸೆರೆಯಲ್ಲಿದ್ದ ಒಬ್ಬ ಪ್ರವಾದಿಗೆ ಬಿದ್ದ ಕನಸಂತೆ ಅದು. ಸಮುದ್ರದಿಂದ ನಾಲ್ಕು ಮೃಗಗಳು ಎದ್ದು ಬರುತ್ತವೆ. ಒಂದೊಂದು ಮೃಗ ಒಂದೊಂದು ರಾಜ್ಯ. ಮನುಷ್ಯರೂಪದವನೊಬ್ಬನ ರಾಜ್ಯ ಬರುವುದು ಅವೆಲ್ಲ ಅಳಿದ ಮೇಲೆ. ಸರ್ಕಾರಿ ಕಾಗದಗಳ ನೆತ್ತಿಯ ಮೇಲೆ ದಿನವೂ ಎರಡು ತಲೆಯ ಗಂಡಭೇರುಂಡವನ್ನು ನೋಡುವ ನನಗೆ ಇದೇನೂ ವಿಚಿತ್ರವೆನಿಸಬಾರದಿತ್ತು. ಆದರೂ ನಾಲ್ಕನೆಯ ಮೃಗದ ಎದುರು ನಾನು ತಣ್ಣಗಾಗಿಬಿಟ್ಟೆ. ಅದರ ಹಲ್ಲು ಕಬ್ಬಿಣದ್ದು. ನಮ್ಮ ಶೆಡ್ಡಿನಲ್ಲೇ ಎರಕ ಹೊಯ್ದ ಹಲ್ಲುಚಕ್ರವೊಂದನ್ನು ಎದುರಿಗಿಟ್ಟುಕೊಂಡು ಮೇಸ್ತ್ರಿ ಅದನ್ನು ತಿದ್ದಿದ್ದರು. ಹಲ್ಲಿನ ಸಂದಿಯಲ್ಲಿ ಮನುಷ್ಯರ ಪುಟ್ಟ ಕೈಗಳಿದ್ದವು.

"ಸಿಂಹದ ರೆಕ್ಕೆ ಯಾಕೆ ಕೆಂಪು?" ಎಂದು ಕೇಳಿದೆ.

"ಅದನ್ನ ಕಿತ್ತುಹಾಕ್ತಾರೆ ಅಂತ ಕನಸಲ್ಲಿದೆ. ನಮ್ಮಲ್ಲಿ ತೆಗೆಯೋ ಭಾಗಕ್ಕೆ ಯಾವ ಬಣ್ಣ?"

ಹೌದಲ್ಲ! ಮರದ ಮಾದರಿಗೆ ನಮ್ಮ ಶೆಡ್ಡಿನಲ್ಲಿ ಎರಡು ಬಣ್ಣ. ಕಪ್ಪು ಬಳಿದ ಕಡೆ ಎರಕ ಹೇಗೆ ಬಂದಿತೋ ಹಾಗೇ ಬಿಡಬೇಕು. ಕೆಂಪು ಬಳಿದ ಕಡೆ ಆಮೇಲೆ ಯಂತ್ರಕ್ಕೆ ಕೊಟ್ಟು ಕೆತ್ತಿ ತೆಗೆಯಬೇಕು. ಮೇಸ್ತ್ರಿ ಪ್ರವಾದಿಯ ಕನಸಿಗೂ ಅದೇ ಲೆಕ್ಕ ಹಿಡಿದಿದ್ದರು.

ಇಲ್ಲಿಗೆ ಸುಮ್ಮನಿದ್ದರೆ ನಾನು ನಾನಾಗುತ್ತಿರಲಿಲ್ಲ. ಸರ್ಕಸ್ಸಿನ ಅವಮಾನದಿಂದ ಮುಖ ಎತ್ತಲಾರದೆ ಇದ್ದೆ. ಮಾನ ಮರಳಿ ಪಡೆಯಲು ಮಧ್ಯಾಹ್ನ ಬುತ್ತಿ ಬಿಚ್ಚಿದ ಹೊತ್ತಿಗೆ ಎಲ್ಲರ ಎದುರು ಹೊಸ ವ್ಯಾಖ್ಯಾನ ಶುರು ಮಾಡಿದೆ. "ಸಿಂಹ ಅಂದ್ರೆ ಯಾರದ್ದು? ಇಂಗ್ಲಿಷರದ್ದು. ರೆಕ್ಕೆ ಅಂದ್ರೆ ವಿಮಾನ. ಮೇಸ್ತ್ರಿ ಅದಕ್ಕೆ ಕೆಂಪು ಬಳಿದಿದ್ದಾರೆ ನೋಡಿ!"

ಬೇರೆ ಊರಿನಲ್ಲಾಗಿದ್ದರೆ ಇದು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಕೆಂಪಿನ ಅರ್ಥ ಗೊತ್ತಿದ್ದ ಮೂವತ್ತು ಜನ ಒಟ್ಟಿಗೆ ನಕ್ಕರು. ಅಚ್ಚು ಹಾಕುವ ಷಡಕ್ಷರಪ್ಪ ತೊಡೆ ತಟ್ಟಿಕೊಂಡ. "ಹಂಗಾದ್ರೆ ಮಿಷೀನಿಗೆ ಕೊಟ್ಟು ಕೆತ್ತೋದೇ ಬಾಕಿ ಅನ್ನು ಮಾರಾಯ!"

ಆ ನಗು ಮೊದಲು ಹೋಟೆಲಿಗೆ ಹೋಯಿತು, ಅಲ್ಲಿಂದ ರೈಲು ನಿಲ್ದಾಣಕ್ಕೆ. ಸೆಪ್ಟೆಂಬರ್ ತಿಂಗಳು, ಊರೂರಲ್ಲಿ ಜನರನ್ನು ಹಿಡಿದು ಜೈಲಿಗೆ ತುಂಬುತ್ತಿದ್ದ ಕಾಲ. ಒಬ್ಬ ಗುಮಾಸ್ತನ ತಮಾಷೆಗೆ ಅಷ್ಟು ಕಾಲುಗಳಿರುತ್ತವೆಂದು ನಾನು ಎಣಿಸಿರಲಿಲ್ಲ.

ಒಂದು ಗುರುವಾರ ಹಾಜರಿ ಕರೆಯುತ್ತಿದ್ದೆ. ಪೊಲೀಸ್ ಇನ್‌ಸ್ಪೆಕ್ಟರು ಒಳಗೆ ಬಂದರು. ಹಿಂದಿದ್ದ ಪೇದೆಯ ಕಂಕುಳಲ್ಲಿ ಸುತ್ತಿದ ಬಟ್ಟೆ. ಅದನ್ನು ಬಿಡಿಸಿ ನನ್ನ ಮೇಜಿನ ಮೇಲೆಯೇ ಹಾಸಿದರು. ಮೇಸ್ತ್ರಿಯ ಅದೇ ಪಟ. ಧಣಿ ಗಣಪಯ್ಯನವರು ರುಮಾಲು ಸರಿಮಾಡಿಕೊಳ್ಳುತ್ತ ಓಡಿ ಬಂದರು. ಅವರ ಶೆಡ್ಡು ನಡೆಯುತ್ತಿದ್ದದ್ದೇ ಯುದ್ಧದ ಆರ್ಡರಿನಿಂದ.

"ಇಂಗ್ಲಿಷರ ಸಿಂಹವನ್ನ ಕೆತ್ತಿ ಹಾಕಬೇಕು ಅಂತ ಬರೆದಿದ್ದೀರಂತೆ?" ಇನ್‌ಸ್ಪೆಕ್ಟರು ಮೇಸ್ತ್ರಿಯನ್ನು ಕೇಳಿದರು.

ನಾನು ಎದ್ದು ನಿಂತೆ. "ಸ್ವಾಮೀ, ಹಾಗೆ ಅಂದದ್ದು ನಾನು. ಬರೀ ತಮಾಷೆಗೆ."

"ನೀವು ಯಾರು?"

ಮೂಲೆಯಿಂದ ಷಡಕ್ಷರಪ್ಪ ಸಹಾಯ ಮಾಡಿದ. "ಸರ್ಕಸ್ ಬರ್ತದೆ ಅಂದವ್ರು ಸ್ವಾಮಿ."

ಇನ್‌ಸ್ಪೆಕ್ಟರು ಮೀಸೆಯಡಿಯಲ್ಲಿ ನಕ್ಕು ನನ್ನ ಕಡೆಯಿಂದ ಮುಖ ತಿರುಗಿಸಿದರು. ಜೀವನದಲ್ಲಿ ಮೊದಲ ಸಲ ನಾನು ನಿಜ ಒಪ್ಪಿಕೊಂಡಿದ್ದೆ. ಅದಕ್ಕೆ ಬೆಲೆಯೇ ಇರಲಿಲ್ಲ.

ಸಮಾಧಾನಪ್ಪನವರು ಮಾತ್ರ ಮಕ್ಕಳಿಗೆ ಹೇಳುವಂತೆ ನಿಧಾನವಾಗಿ ವಿವರಿಸಿದರು. ಸಿಂಹ ಬಾಬೆಲ್, ಕರಡಿ ಪಾರಸಿಯರು, ಚಿರತೆ ಗ್ರೀಕರು. ಆ ಮೂರೂ ಎರಡು ಸಾವಿರ ವರ್ಷದ ಹಿಂದೆಯೇ ಮಣ್ಣಾದವು, ನಾಲ್ಕನೆಯದೂ ಆಮೇಲೆ ಅದೇ ದಾರಿ ಹಿಡಿಯಿತು. ಇನ್‌ಸ್ಪೆಕ್ಟರು ತಲೆಯಾಡಿಸುತ್ತ ಬರೆದುಕೊಂಡರು. ಕೆಟ್ಟ ಮನುಷ್ಯರಲ್ಲ. ಪುಸ್ತಕ ಮುಚ್ಚಿ, ಟೋಪಿ ಇಟ್ಟುಕೊಂಡು ಎದ್ದೂ ನಿಂತರು. ಧಣಿಗಳ ಎದೆಯಿಂದ ಉಸಿರು ಹೊರಟದ್ದು ನನಗೆ ಕೇಳಿಸಿತು. ಅಷ್ಟರಲ್ಲಿ ಇನ್‌ಸ್ಪೆಕ್ಟರಿಗೆ ಇನ್ನೊಂದು ಪ್ರಶ್ನೆ ಹೊಳೆಯಿತು.

ಅದಕ್ಕೆ 'ಇಲ್ಲ' ಎಂಬ ಒಂದು ಮಾತು ಸಾಕಿತ್ತು. ಧಣಿಗಳು ಅವರ ಬೆನ್ನ ಹಿಂದೆ ನಿಂತು ಕೈಯಾಡಿಸಿ 'ಇಲ್ಲ ಅನ್ನಿ, ಇಲ್ಲ ಅನ್ನಿ' ಎಂದು ಸನ್ನೆ ಮಾಡುತ್ತಿದ್ದರು, ನಾನೂ ಮಾಡುತ್ತಿದ್ದೆ. ಮೇಸ್ತ್ರಿ ಇಬ್ಬರನ್ನೂ ನೋಡಿದರು. ಆ ಮಾತು ಹೇಳಲಿಲ್ಲ. ಇನ್‌ಸ್ಪೆಕ್ಟರು ಪಟವನ್ನಷ್ಟೇ ಒಯ್ದರು. ಆದರೆ ಸಂಜೆಯೊಳಗೆ ಧಣಿಗಳು ಹಾಜರಿಯಿಂದ ಮೇಸ್ತ್ರಿಯ ಹೆಸರು ಹೊಡೆದುಹಾಕಲು ಹೇಳಿದರು, ಆ ಗೆರೆ ಎಳೆದವನು ನಾನು. ವಾರದಲ್ಲಿ ಮನೆ ಖಾಲಿಯಾಯಿತು. ದಯಾಮಣಿಯವರನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಹೋದರು. ಈಗ ಶಿವಮೊಗ್ಗದಲ್ಲಿ ಯಾರದೋ ಅಂಗಡಿಯಲ್ಲಿ ಗಾಡಿಯ ಚಕ್ರ ಮಾಡುತ್ತಾರೆ. ಅಷ್ಟಕ್ಕೂ ಕಾರಣವಾದ ಆ ಪ್ರಶ್ನೆ, ಆ ಉತ್ತರ ನನ್ನ ಕಿವಿಯಿಂದ ಇನ್ನೂ ಇಳಿದಿಲ್ಲ.

"ಅದೆಲ್ಲ ಹಳೇದಾಯ್ತು ಮೇಸ್ತ್ರಿ," ಎಂದಿದ್ದರು ಇನ್‌ಸ್ಪೆಕ್ಟರು. "ಇವತ್ತು ಅಂಥ ಕನಸು ಬಿದ್ರೆ, ನಮ್ಮ ಸರ್ಕಾರ ಆ ಮೃಗಗಳಲ್ಲಿ ಇರ್ತದೋ ಇಲ್ವೋ?"

"ಇರ್ತದೆ ಸ್ವಾಮಿ. ಮನುಷ್ಯನ ಮುಖ ಇರೋ ಸರ್ಕಾರ ನಾನಿನ್ನೂ ಕಂಡಿಲ್ಲ."