ವಾರಿಜಕ್ಕ ಹತ್ತಿದ ಕೋಟೆ

ಆಫೀಸಿನಿಂದ ಮಾಟುಂಗದ ನಮ್ಮ ಬಿಲ್ಡಿಂಗ್‌ಗೆ ಬಂದರೆ, ಎದುರುಮನೆಯ ವಾರಿಜಕ್ಕ ಅಕ್ಕಿಯ ಗಂಟೊಂದನ್ನು ಹಳೇ ಸೀರೆಯಿಂದ ಬೆನ್ನಿಗೆ ಬಿಗಿದುಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಗಂಟು ಇಸಿದುಕೊಳ್ಳಲು ಹೋದೆ. ಬೇಡವೆಂದು ತಲೆಯಾಡಿಸಿದರು, ಮಾತಾಡಲು ಉಸಿರಿರಲಿಲ್ಲ. ಕೊನೆಯ ಮಹಡಿ ಮುಟ್ಟಿದವರು ಮತ್ತೆ ಕೆಳಗಿಳಿದು ಇನ್ನೊಮ್ಮೆ ಹತ್ತಿದರು. ನಾನು ಗಾಬರಿಯಿಂದ ನೋಡುತ್ತಾ ನಿಂತೆ.

ಎಪ್ಪತ್ತರ ದಶಕದ ಮಾತಿದು. ಉಡುಪಿ ಕಡೆಯ ವಾರಿಜಕ್ಕ ಆಗ ಚಾರಿತ್ರಿಕ ಕಾದಂಬರಿಯೊಂದನ್ನು ಬರೆಯುತ್ತಿದ್ದರು. ಅದರಲ್ಲಿ ಗಂಗವ್ವ ಎಂಬ ಸಿಪಾಯಿಯ ಹೆಂಡತಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಕೋಟೆ ಹತ್ತುತ್ತಾ, ಜೊತೆಯ ಹೆಂಗಸರಿಗೆ ಧೈರ್ಯ ಹೇಳುತ್ತಾಳೆ. ಆ ಭಾಗವನ್ನು ಅವರು ಕನ್ನಡ ಸಂಘದಲ್ಲಿ ಓದಿದಾಗ ನಾವೆಲ್ಲ ಕಣ್ಣೊರೆಸಿಕೊಂಡಿದ್ದೆವು.

ಸುಧಾರಿಸಿಕೊಂಡ ಮೇಲೆ ವಾರಿಜಕ್ಕ ಹೇಳಿದರು: “ನೋಡು ಮಾರಾಯ್ತಿ, ನನಗೆ ಒಂದು ಶಬ್ದ ಹೊರಡಲಿಲ್ಲ. ಗಂಗವ್ವ ಎರಡು ಪುಟ ಮಾತಾಡ್ತಾಳೆ. ಅದನ್ನು ಹೊಡೆದು ಹಾಕ್ತೇನೆ.”

“ಎಲ್ಲರಿಗೂ ಹಿಡಿಸಿದ್ದೇ ಅದಲ್ವಾ ಅಕ್ಕ?”

“ಹಿಡಿಸಿತು, ಹೌದು. ಆದರೆ ಆ ಮಾತು ಇದ್ದರೆ ಅವಳು ಹತ್ತಿದ್ದು ಸುಳ್ಳಾಗ್ತದೆ.”

ಪುಸ್ತಕ ಅಚ್ಚಾಗಿ ಬಂದಾಗ ಮೊದಲು ಆ ಭಾಗವನ್ನೇ ಹುಡುಕಿ ಓದಿದೆ. ಗಂಗವ್ವ ಬಾಯಿ ಬಿಡದೆ ಹತ್ತುತ್ತಾಳೆ. ಮೇಲೆ ತಲುಪಿದವಳು ಸೀರೆಯ ಗಂಟು ಬಿಚ್ಚಿ, ಮಗುವಿನ ಮೂಗಿನ ಬಳಿ ಬೆರಳಿಟ್ಟು ಉಸಿರು ಆಡುತ್ತಿದೆಯೇ ಎಂದು ನೋಡುತ್ತಾಳೆ, ಅಷ್ಟೇ. ಸಂಘದಲ್ಲಿ ಬಂದಿದ್ದ ಕಣ್ಣೀರು ಬೇಗ ಆರಿತ್ತು. ಈ ಬೆರಳನ್ನು ನಾನು ಇಷ್ಟು ವರ್ಷವಾದರೂ ಮರೆತಿಲ್ಲ.