ತುಳಸಿ ಕುಂಡದ ತೂತು

ನಮ್ಮ ಕಡೆ ಬೆಳೆಗೆ ನೀರು ಹಾಕುವುದಿಲ್ಲ, ಕಟ್ಟುತ್ತಾರೆ. ಗದ್ದೆಯಾಗಲಿ ಕಬ್ಬಾಗಲಿ, ನಾಲೆಯಲ್ಲಿ ನೀರು ಬಂದಾಗ ಕಟ್ಟಬೇಕು, ಕಟ್ಟಿದ ನೀರು ನಿಲ್ಲಬೇಕು. ಕೆರಗೋಡಿನ ಗದ್ದೆ ಬದುಗಳ ಮೇಲೆ ಬೆಳೆದ ನಮ್ಮ ಅತ್ತೆಗೆ, ಮದ್ದೂರಿನ ನಮ್ಮ ಮನೆ ಬಾಗಿಲಲ್ಲಿದ್ದ ತುಳಸಿ ಕುಂಡವೂ ಒಂದು ಗದ್ದೆಯೇ. ಸಿಮೆಂಟಿನ ಆ ಕುಂಡದ ಬುಡದಲ್ಲಿ, ಪಕ್ಕಕ್ಕೆ, ಬೆರಳು ತೂರುವಷ್ಟು ತೂತಿತ್ತು. ನೀರು ಹಾಕಿದಾಗಲೆಲ್ಲ ಅಲ್ಲಿಂದ ಸೋರಿ ಮೆಟ್ಟಿಲಿಗೆ ಇಳಿಯುತ್ತಿತ್ತು.

‘ಕಟ್ಟಿದ್ ನೀರೆಲ್ಲ ಸೋರೋಯ್ತದಲ್ಲಮ್ಮ, ಇದ್ಯಾವ ಸೀಮೆ ಬೇಸಾಯ?’ ಎನ್ನುತ್ತಿದ್ದರು ಅತ್ತೆ.

‘ಸೋರ್ದಿದ್ರೆ ಬೇರು ಕೊಳ್ತೋಗುತ್ತೆ ಅತ್ತೆ’ ಎಂದು ಹೇಳಿ ಹೇಳಿ ನನ್ನ ಬಾಯಿ ಸೋತಿತ್ತು.

ಎಂಟನೇ ತಿಂಗಳಲ್ಲಿ ಮಗಳು ಹೆರಿಗೆಗೆಂದು ಮನೆಗೆ ಬಂದಳು. ಮಂಡ್ಯದ ಡಾಕ್ಟರು ಸ್ಕ್ಯಾನ್ ನೋಡಿ, ಮಗುವಿನ ಸುತ್ತ ನೀರು ಕಮ್ಮಿ ಇದೆ, ಮುಂದಿನ ವಾರ ಇನ್ನೊಮ್ಮೆ ನೋಡೋಣ, ಇನ್ನೂ ಇಳಿದಿದ್ದರೆ ಮಗುವನ್ನು ಬೇಗ ಹೊರಗೆ ತೆಗೆಯಬೇಕಾಗುತ್ತದೆ ಅಂದರು. ಅಂದಿನಿಂದ ನನಗೆ ಹೆದರಿಕೆ ಬಿಟ್ಟರೆ ಬೇರೇನೂ ಇರಲಿಲ್ಲ. ಮಗಳು ಬಚ್ಚಲಲ್ಲಿ ಸ್ವಲ್ಪ ತಡಮಾಡಿದರೆ ಬಾಗಿಲಿಗೆ ಕಿವಿಗೊಟ್ಟು ನಿಲ್ಲುತ್ತಿದ್ದೆ. ಮಲಗಿದವಳ ಹೊಟ್ಟೆಯ ಮೇಲೆ ಕೈಯಿಟ್ಟರೆ, ಮಗು ಒದೆಯುವವರೆಗೆ ತೆಗೆಯುತ್ತಿರಲಿಲ್ಲ.

‘ಅಮ್ಮ, ನೀನು ಹಿಂಗೆ ಮುಖ ಮಾಡ್ಕೊಂಡ್ರೆ ನಂಗೇ ಭಯ ಆಗುತ್ತೆ’ ಎಂದು ಅವಳು ಬೈದಳು.

ಅದೇ ವಾರ ತುಳಸಿ ಬಾಡಿತು. ಎಲೆಗಳು ಹಳದಿಯಾಗಿ ಉದುರಿದವು, ಕಾಂಡ ಬುಡದಲ್ಲಿ ಕಪ್ಪಗಾಯಿತು. ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು, ಶಕುನ ಗಿಕುನ ಎಂದವರ ಬಾಯಿ ಮುಚ್ಚಿಸಿದವಳು. ಆದರೂ ಬೆಳಗ್ಗೆ ಬಾಗಿಲು ತೆಗೆದು ಆ ಗಿಡ ಕಂಡರೆ ಒಳಗೋಡಿ ಮಗಳ ಹೊಟ್ಟೆ ಮುಟ್ಟಿ ನೋಡುತ್ತಿದ್ದೆ. ಅತ್ತೆ ಚೊಂಬಿನ ಮೇಲೆ ಚೊಂಬು ನೀರು ಸುರಿಯುತ್ತಿದ್ದರು.

ಮತ್ತೆ ಸ್ಕ್ಯಾನ್ ಮಾಡಿಸುವ ದಿನ ಅಳಿಯ ಮಳವಳ್ಳಿಯಿಂದ ಬಂದು ಮಗಳನ್ನು ಮಂಡ್ಯಕ್ಕೆ ಕರೆದುಕೊಂಡು ಹೋದ. ಅಲ್ಲಿ ಕೂತು ಕಾಯುವ ಧೈರ್ಯವಿಲ್ಲದೆ ನಾನು ಅಡುಗೆಯ ನೆಪ ಹೇಳಿ ಉಳಿದೆ. ಅಡುಗೆಯೂ ಆಗಲಿಲ್ಲ. ಬಾಗಿಲಿಗೆ ಬಂದು ನೋಡಿದರೆ ಕುಂಡದ ಮಣ್ಣಿನ ಮೇಲೆ ನೀರು ಹಾಗೇ ನಿಂತಿದೆ, ಮೆಟ್ಟಿಲು ಒಣಗಿದೆ. ಬಗ್ಗಿ ನೋಡಿದೆ. ತೂತಿಗೆ ಹಳೇ ಸೀರೆಯ ಚೂರು ತುರುಕಿ ಮೇಲೆ ಜೇಡಿಮಣ್ಣು ಮೆತ್ತಿದ್ದರು. ಗದ್ದೆ ಬದುವಿನಲ್ಲಿ ಏಡಿ ಕೊರೆದ ತೂತನ್ನು ಮುಚ್ಚುವುದು ಹೀಗೆಯೇ.

‘ಇದೇನತ್ತೆ ಮಾಡಿದ್ದೀರಾ?’ ಎಂದು ಕೂಗಾಡಿದೆ.

ಅತ್ತೆ ಬಂದು ಬಾಗಿಲು ಹಿಡಿದು ನಿಂತರು. ‘ಮಗೀಗೆ ನೀರ್ ಕಮ್ಮಿ ಅಂದ್ರಲ್ಲಮ್ಮ ಡಾಕ್ಟ್ರು. ನಮ್ಮನೆ ಬಾಗ್ಲಲ್ಲೇ ನೀರು ಸೋರೋಯ್ತಾ ಇದ್ರೆ ಎಂಗೆ? ಅದ್ಕೇ ಕಟ್ದೆ ಕಣಮ್ಮ.’

ಸಿಟ್ಟಿನಲ್ಲೇ ಜೇಡಿಮಣ್ಣು ಕೆರೆದು ಬಟ್ಟೆಯ ತುದಿ ಹಿಡಿದು ಎಳೆದೆ. ಕೊಳೆತ ವಾಸನೆಯ ನೀರು ಒಮ್ಮೆಲೇ ನುಗ್ಗಿ ಬಂತು. ಹೆರಿಗೆಗೆ ಮುಂಚೆ ನೀರೊಡೆದರೆ ನಮ್ಮ ಹೆಂಗಸರು ‘ನೀರು ಹೋಯ್ತು’ ಅನ್ನುತ್ತಾರೆ. ಆ ಮಾತು ಎಲ್ಲಿತ್ತೋ, ಆಗಲೇ ತಲೆಗೆ ಬಂತು. ಬೆರಳು ತುರುಕಿ ತೂತು ಮುಚ್ಚಿ ಹಿಡಿದು ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತೆ. ಗಿಡ ಉಳಿಯಬೇಕಾದರೆ ನೀರು ಹೋಗಲೇಬೇಕು ಎಂದು ಇಷ್ಟು ದಿನ ವಾದಿಸಿದವಳು ನಾನೇ. ಬೆರಳು ಮಾತ್ರ ತೆಗೆಯಲು ಆಗಲಿಲ್ಲ.

ಅತ್ತೆ ನೋಡಿದರು. ಒಳಗೆ ಹೋಗಿ ನನ್ನ ಫೋನು ತಂದು, ತಾವೂ ನನ್ನ ಪಕ್ಕ ಕೂತರು. ಅದು ಬಡಿದುಕೊಂಡಾಗ ಅವರೇ ಎತ್ತಿ ನನ್ನ ಕಿವಿಗೆ ಹಿಡಿದರು.

‘ನೀರು ಹೋದ್ಸಲಕ್ಕಿಂತ ಜಾಸ್ತಿ ಆಗಿದೆಯಂತಮ್ಮ, ಮಗು ಚೆನ್ನಾಗಿದೆಯಂತೆ’ ಅಂದಳು ಮಗಳು.

ಕೇಳಿದ ಮೇಲೂ ನಾನು ಬೆರಳು ತೆಗೆಯಲಿಲ್ಲ. ಅತ್ತೆ ಕುಂಡದ ಕಡೆ ನೋಡಿ, ‘ಬುಡಮ್ಮ ಇನ್ನ, ಓಗ್ಲಿ ನೀರು’ ಅಂದರು. ಬೆರಳು ಮರಗಟ್ಟಿ ಹೋಗಿತ್ತು. ಅವರೇ ನನ್ನ ಕೈ ಹಿಡಿದು ಮೆಲ್ಲಗೆ ಹೊರಗೆ ಎಳೆದರು.